ಕದಿರಯ್ಯ ಕೂರುವ ಪ್ರಶ್ನೆ

ಮಿಡಿಗೇಶಿ ಬೆಟ್ಟದ ಬುಡದ ಬಂಡೇನಹಳ್ಳಿಯಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಹೊಸಬರು ಯಾರನ್ನೂ ಕೇಳಬೇಕಾಗಿರಲಿಲ್ಲ. ಪಟೇಲ ಶಂಕರಲಿಂಗಪ್ಪನವರ ಮನೆ ಮುಂದೆ ಬಂದು ಯಾರು ಹೇಗೆ ಕೂತಿದ್ದಾರೆಂದು ನೋಡಿದರೆ ಸಾಕಿತ್ತು. ಜಗಲಿಯ ನಡುವೆ ಕೈಯಿರುವ ಕುರ್ಚಿಯಲ್ಲಿ ಪಟೇಲರು. ಪಕ್ಕದಲ್ಲಿ ಚಾಪೆ ಹಾಸಿಕೊಂಡು ಶಾನುಭೋಗರು. ಜಗಲಿಯ ಅಂಚಿನಲ್ಲಿ ಹೊಲಮನೆ ಇದ್ದವರು. ಕೆಳಗೆ ಅಂಗಳದ ಮಣ್ಣಿನಲ್ಲಿ, ಕುಕ್ಕರುಗಾಲಲ್ಲಿ, ಕಂಕುಳಲ್ಲಿ ಕೋಲು ಸಿಕ್ಕಿಸಿಕೊಂಡು ತಳವಾರ ಕದಿರಯ್ಯ. ಊರು ಕಾಯುವುದು, ಡಂಗುರ ಸಾರುವುದು, ಕಂದಾಯ ಕಟ್ಟದವರನ್ನು ಕರೆತರುವುದು ಅವನ ಕೆಲಸ. ಅದಕ್ಕಾಗಿ ಒಂದು ತುಂಡು ಇನಾಮು ಹೊಲವಿತ್ತು, ಮನೆಯ ರಾಗಿಯೆಲ್ಲ ಅದರಲ್ಲೇ ಬೆಳೆಯಬೇಕು. ಅವನ ಅಪ್ಪನೂ ಅಜ್ಜನೂ ಅದೇ ಜಾಗದಲ್ಲಿ ಹಾಗೇ ಕೂತವರು.

ಕದಿರಯ್ಯನ ಕಾಲು ಮುರಿದದ್ದು ಪಟೇಲರ ಹೋರಿಗರುವಿನ ದೆಸೆಯಿಂದ. ಅದಕ್ಕೆ ಅದೇನು ಹುಚ್ಚು ಹಿಡಿದಿತ್ತೋ ಕಾಣೆ, ಬೆಟ್ಟದ ಹಳೇ ಕೋಟೆಯ ಗೋಡೆ ಮೇಲೆ ಹತ್ತಿ ನಿಂತುಬಿಟ್ಟಿತು. ಇಳಿಸಲು ಹೋದ ಕದಿರಯ್ಯ ಬಂಡೆಯ ಮೇಲಿಂದ ಜಾರಿ ಉರುಳಿದ. ಕರು ತನ್ನ ಪಾಡಿಗೆ ತಾನು ಇಳಿದು ಬಂದು ಕೊಟ್ಟಿಗೆ ಸೇರಿತು. ಇವನನ್ನು ನಾಲ್ಕು ಜನ ಹೊತ್ತು ತಂದಾಗ ಪಟೇಲರು ಗಾಬರಿಯಿಂದ ಎದ್ದು ನಿಂತು ಕೇಳಿದ ಮೊದಲ ಮಾತು, "ಕರೂಗೇನೂ ಆಗ್ಲಿಲ್ಲ ತಾನೆ?"

ಪಾದದ ಗಿಣ್ಣಿಗೆ ಊರಿನವರೇ ಮೊಟ್ಟೆ ಮೆತ್ತಿ, ಬಿದಿರು ದಬ್ಬೆ ಕಟ್ಟಿದರು. ಮೂಳೆ ಕೂಡಿತು, ಆದರೆ ತನಗೆ ತೋಚಿದ ದಿಕ್ಕಿಗೆ ಕೂಡಿತು. ಆಮೇಲೆ ವರ್ಷಗಟ್ಟಲೆ ನೋವು. ನಡೆದರೆ ಒಂದು ಥರ, ಕುಕ್ಕರುಗಾಲಲ್ಲಿ ಕೂತರೆ ಗಿಣ್ಣಿನೊಳಗೆ ಕೆಂಡವಿಟ್ಟು ಊದಿದ ಹಾಗೆ. ಪಟೇಲರ ಪಂಚಾಯಿತಿ ಒಮ್ಮೆ ಶುರುವಾದರೆ ಹೊತ್ತು ನೆತ್ತಿಗೆ ಬಂದರೂ ಮುಗಿಯುತ್ತಿರಲಿಲ್ಲ. ಕದಿರಯ್ಯ ಟವಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರುತ್ತಿದ್ದ. ಅಷ್ಟೊಂದು ಭಕ್ತಿಯಿಂದ ಮಾತು ಕೇಳುವವನು ಇವನೊಬ್ಬನೇ ಎಂದು ಪಟೇಲರು ಮೆಚ್ಚಿಕೊಂಡಿದ್ದರು.

ಕೊನೆಗೆ ತಡೆಯಲಾರದೆ ಹೋದವಳು ಹೆಂಡತಿ ಚಿಕ್ಕಲಕ್ಷ್ಮಮ್ಮ. ಅವಳ ತವರು ಪಾವಗಡದ ಕಡೆ, ಸಿಟ್ಟು ಬಂದರೆ ತೆಲುಗು ತಾನಾಗಿ ಬರುತ್ತಿತ್ತು. "ಇಂಕ ಚಾಲು, ಸಾಕಿನ್ನು! ಆ ಟವಲ್ಲು ಕಚ್ಚಿ ಕಚ್ಚಿ ಜಾಲರಿ ಆಗ್ಯದೆ. ನಡಿ ಆಸ್ಪತ್ರೆಗೆ," ಎಂದು ಬಸ್ಸು ಹತ್ತಿಸಿಯೇಬಿಟ್ಟಳು. ಮಧುಗಿರಿಯ ಡಾಕ್ಟರು ಕಾಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಇದು ನನ್ನ ಕೈಲಾಗುವುದಲ್ಲ ಎಂದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿಯ ಸರ್ಜನ್ ಕಡಿಮೆ ಮಾತಿನ ಮನುಷ್ಯ. "ನಿನ್ನ ಕೀಲು ಸವೆದುಹೋಗಿದೆ ಕಣಯ್ಯ. ಅದನ್ನ ಕೆರೆದು ತೆಗೆದು, ಮೇಲಿನ ಮೂಳೆ ಕೆಳಗಿನ ಮೂಳೆ ಎರಡನ್ನೂ ಒಂದು ಮಾಡಿಬಿಡ್ತೀವಿ. ಆಮೇಲೆ ಅಲ್ಲಿ ನೋವಿರಲ್ಲ. ಆದರೆ ಪಾದ ಮಡಚೋಕಾಗಲ್ಲ."

"ನಡೀಬೋದಾ ಬುದ್ಧಿ?"

"ಧಾರಾಳವಾಗಿ. ಸ್ವಲ್ಪ ಕುಂಟ್ತೀಯ, ಅಷ್ಟೆ."

"ಕುಕ್ಕರುಗಾಲಲ್ಲಿ ಕೂರಬೋದಾ?"

"ಅದೊಂದು ಆಗಲ್ಲ. ಕುರ್ಚಿ ಮೇಲೆ ಕೂತ್ಕೋ."

ದೊಡ್ಡವರು ತಮಾಷೆ ಮಾಡುತ್ತಿದ್ದಾರೆಂದು ಕದಿರಯ್ಯ ಮರ್ಯಾದೆಗೆ ನಕ್ಕ. ಡಾಕ್ಟರು ನಗಲಿಲ್ಲ. ಆಗ ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಕೈಮುಗಿದು, "ಒಂಚೂರು ಮಡಚೋ ಅಂಗೆ ಬುಟ್ಟುಬುಡಿ ಬುದ್ಧಿ. ನನಗೋಸ್ಕರ ಅಲ್ಲ, ನಮ್ಮ ಪಟೇಲ್ರಿಗೋಸ್ಕರ," ಎಂದ.

"ಯಾಕೆ, ಅವರಿಗೂ ಕಾಲು ನೋವಾ?" ಎಂದರು ಡಾಕ್ಟರು. ಬೆಂಗಳೂರಿನಲ್ಲಿ ಓದಿದವರಿಗೆ ಇಂಥವು ಎಲ್ಲಿ ಅರ್ಥವಾಗಬೇಕು!

ಆಪರೇಷನ್ ಆಯಿತು. ಎಚ್ಚರವಾದಾಗ ಕಾಲಿಗೆ ತೊಡೆಯವರೆಗೂ ಪ್ಲಾಸ್ಟರು, ಅದರೊಳಗೆ ಹೇಳಲಾಗದ ನೋವು. ಒಂದು ವಾರ ಅವನು ಅಮ್ಮಾ ಎಂದು ಕೂಗಿದ್ದಕ್ಕೆ, ತೀರಿಹೋಗಿ ಎಷ್ಟೋ ಕಾಲವಾಗಿದ್ದ ಅವನ ತಾಯಿ ಎದ್ದು ಬರಬೇಕಿತ್ತು. ನೋವು ಇಳಿದ ಮೇಲೆ ತುರಿಕೆ ಶುರುವಾಯಿತು. ಚಿಕ್ಕಲಕ್ಷ್ಮಮ್ಮ ಆಯಾಳ ಕಣ್ಣು ತಪ್ಪಿಸಿ ಪೊರಕೆಕಡ್ಡಿ ತಂದುಕೊಟ್ಟಳು. ನರ್ಸಮ್ಮ ಬೆಳಗಾದರೆ ಅವನನ್ನು ವರಾಂಡದಲ್ಲಿ ಕುರ್ಚಿಯ ಮೇಲೆ ಕೂರಿಸುತ್ತಿದ್ದಳು. ಹುಟ್ಟಿದಾಗಿನಿಂದ ಪಟೇಲರ ಕುರ್ಚಿಯನ್ನು ಬಿಸಿಲಿಗೆ ಹಾಕಿ, ಒರೆಸಿ, ಒಳಗಿಟ್ಟು ಗೊತ್ತಿದ್ದವನಿಗೆ ಅದರ ಮೇಲೆ ಕೂರುವುದು ಮುಳ್ಳಾಯಿತು. ಡಾಕ್ಟರ ನೆರಳು ಕಂಡರೆ ಸಾಕು, ಪ್ಲಾಸ್ಟರಿನ ಸಮೇತ ಏಳಲು ಹೋಗುತ್ತಿದ್ದ.

"ಕೂತ್ಕೊಳಯ್ಯ, ನೀನು ಇಂಗೇ ಎದ್ದೆದ್ದು ಬಿದ್ದರೆ ಮೂಳೆ ಕೂಡೋದು ಯಾವಾಗ?" ಎಂದು ನರ್ಸಮ್ಮ ಗದರುತ್ತಿದ್ದಳು.

ಉದ್ದನೆಯ ಪ್ಲಾಸ್ಟರು ಹೋಗಿ ಗಿಡ್ಡ ಪ್ಲಾಸ್ಟರು ಬಂತು. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಅದನ್ನೂ ಕತ್ತರಿಸಿದರು. ಒಳಗಿದ್ದ ಕಾಲು ಸೊರಗಿ ಹಂಚಿಕಡ್ಡಿಯಾಗಿತ್ತು. ಕದಿರಯ್ಯ ಉಸಿರು ಬಿಗಿಹಿಡಿದು ಪಾದ ನೆಲಕ್ಕೂರಿದ. ಮೈಭಾರವೆಲ್ಲ ಅದರ ಮೇಲೆ ಬಿಟ್ಟ. ನೋವಿಲ್ಲ! ಇನ್ನೊಂದು ಹೆಜ್ಜೆ ಇಟ್ಟ. ಇಲ್ಲವೇ ಇಲ್ಲ! ವಾರ್ಡಿನ ನಡುವೆ ನಿಂತು ಮಗುವಿನ ಹಾಗೆ ಅತ್ತುಬಿಟ್ಟ. ಅಂಥ ಸಂತೋಷ ಅವನಿಗೆ ಮದುವೆಯಲ್ಲೂ ಆಗಿರಲಿಲ್ಲವೆಂದು ಚಿಕ್ಕಲಕ್ಷ್ಮಮ್ಮ ಕೊನೆಯವರೆಗೂ ಆಡಿಕೊಳ್ಳುತ್ತಿದ್ದಳು.

ಆ ಸಂತೋಷ ಪಟೇಲರ ಅಂಗಳದವರೆಗೆ ಮಾತ್ರ ಬಂತು.

"ಬಾರ್ಲಾ ಕದಿರ, ಕೂತ್ಕ," ಎಂದರು ಪಟೇಲರು. ಕೂರಲು ಹೋದರೆ ಪಾದ ಮಡಚುವುದಿಲ್ಲ, ಹಿಂದಕ್ಕೆ ಉರುಳಿದ. ಸರಿ, ನಿಂತೇ ಇರುತ್ತೇನೆಂದ. ಹೆಚ್ಚು ಹೊತ್ತು ನಿಲ್ಲಬೇಡವೆಂದು ಡಾಕ್ಟರು ಹೇಳಿದ್ದು ಒತ್ತಟ್ಟಿಗಿರಲಿ, ನಿಂತ ತಳವಾರನ ತಲೆ ಕೂತ ಪಟೇಲರ ತಲೆಗಿಂತ ಮೇಲಾಯಿತು. "ಏನ್ಲಾ, ನೆತ್ತಿ ಮ್ಯಾಲೆ ನಿಂತ್ಕಂಡಿದೀಯ?" ಎಂದು ಪಟೇಲರು ರೇಗಿದರು. ಕದಿರಯ್ಯ ನೆಲಕ್ಕೆ ಕುಂಡೆಯೂರಿ ಕಾಲು ಚಾಚಿ ಕೂತ. ಅಂಗಾಲು ನೇರವಾಗಿ ಪಟೇಲರ ಮುಖಕ್ಕೆ! ಹೌಹಾರಿ ಬಲಕ್ಕೆ ತಿರುಗಿದ, ಶಾನುಭೋಗರು "ಶಿವ ಶಿವಾ" ಎಂದು ಮುಖ ಮುಚ್ಚಿಕೊಂಡರು. ಎಡಕ್ಕೆ ತಿರುಗಿದ, ಅಲ್ಲಿ ಆಂಜನೇಯನ ಗುಡಿ. ಕೊನೆಗೆ ಪೂರ್ತಿ ತಿರುಗಿ ಕೂತರೆ ಪಟೇಲರಿಗೆ ಬೆನ್ನು ತೋರಿಸಿದಂತಾಯಿತು. ಇಷ್ಟಗಲದ ಬಂಡೇನಹಳ್ಳಿಯಲ್ಲಿ ಒಂದು ಬಡಪಾದ ಚಾಚಲು ಮರ್ಯಾದೆಯ ದಿಕ್ಕೊಂದೂ ಸಿಗಲಿಲ್ಲ.

ಪಟೇಲರು ತೀರ್ಮಾನ ಹೇಳಿಯೇಬಿಟ್ಟರು. "ನೆಟ್ಟಗೆ ಕೂರಕ್ಕೆ ಬರದಿದ್ರೆ ಬುಟ್ಟುಬುಡು. ಜಮಾಬಂದಿ ಲೆಕ್ಕ ನೋಡಕ್ಕೆ ತಾಲ್ಲೂಕಿಂದ ಅಮಲ್ದಾರ್ರು ಬತ್ತಾರೆ, ತಳವಾರಿಕೆ ನಿನ್ನ ದಾಯಾದಿ ಹೆಸರಿಗೆ ಮಾಡಿಸ್ತೀನಿ."

ತಳವಾರಿಕೆ ಹೋದರೆ ಹೊಲ ಹೋಯಿತು, ಹೊಲ ಹೋದರೆ ಮುದ್ದೆ ಹೋಯಿತು. ನೋವಿದ್ದರೂ ಮಡಚುವ ಕಾಲೇ ವಾಸಿಯಿತ್ತೇನೋ ಎಂದು, ಪಾಪ, ಕದಿರಯ್ಯನಿಗೆ ಅನ್ನಿಸಿಬಿಟ್ಟಿತು.

ಆಗ ಶಾನುಭೋಗರಿಗೆ ಉಪಾಯ ಹೊಳೆಯಿತು. ಅಂಗಳದಲ್ಲಿ ಮೊಣಕಾಲುದ್ದದ ಒಂದು ಗುಂಡಿ ತೋಡುವುದು. ಕದಿರಯ್ಯ ಅದರ ಅಂಚಿನಲ್ಲಿ ನೆಲದ ಮೇಲೆ ಕೂತು ಕಾಲನ್ನು ಒಳಗೆ ಇಳಿಬಿಡುವುದು. ಅವನ ಕಾಲಿಗೆ ಅದು ಕುರ್ಚಿ, ನೋಡುವವರಿಗೆ ನೆಲ. ಡಾಕ್ಟರ ಮಾತೂ ನಡೆಯಿತು, ಊರಿನ ಮರ್ಯಾದೆಯೂ ಉಳಿಯಿತು. ಪಟೇಲರು ತಲೆದೂಗಿದರು. ಗುಂಡಿ ತೋಡುವವರು ಯಾರು? ಊರಿನ ಗುಂಡಿ ತೋಡುವುದು ತಳವಾರನ ಕೆಲಸವಲ್ಲವೇ! ಕದಿರಯ್ಯನೇ ಗುದ್ದಲಿ ತಂದು ತೋಡಿದ, ಅಂಚನ್ನು ಸಗಣಿ ಹಾಕಿ ಸಾರಿಸಿದ, ಇಳಿಬಿಟ್ಟು ಕೂತ. ಚಿಕ್ಕಲಕ್ಷ್ಮಮ್ಮ ಬಂದು ನೋಡಿ, "ಥೂ, ಅರ್ಧ ಹೂತವ್ರೆ ನಿನ್ನ. ಇನ್ನರ್ಧ ಯಾವಾಗಂತೆ?" ಎಂದು ಕೇಳಿ ಹೋದಳು. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಜಮಾಬಂದಿಯ ದಿನ ಬಂತು. ಅಮಲ್ದಾರರ ಜೀಪು ಧೂಳೆಬ್ಬಿಸುತ್ತ ಬಂತು. ಡ್ರೈವರು ಕಿರುಚಿ ಬ್ರೇಕು ಹಾಕಿದ್ದಕ್ಕೆ ಮುಂದಿನ ಚಕ್ರ ಗುಂಡಿಯ ಅಂಚಿಗೆ ಬಂದು ನಿಂತಿತು. ಗುಂಡಿಯಲ್ಲಿ ಕೈಮುಗಿದುಕೊಂಡು, ಮೊಣಕಾಲಿನಿಂದ ಮೇಲಷ್ಟೇ ಕಾಣುವ ಕದಿರಯ್ಯ.

"ಅಯ್ಯಯ್ಯೋ! ಕಾಲಿಲ್ಲವೇನಯ್ಯಾ ನಿನಗೆ?" ಎಂದರು ಅಮಲ್ದಾರರು.

"ಅವೆ ಬುದ್ಧಿ. ಒಳಗವೆ."

ಅಮಲ್ದಾರರನ್ನು ಜಗಲಿಯ ಮೇಲೆ ತಮ್ಮ ಕೈಕುರ್ಚಿಯಲ್ಲಿ ಕೂರಿಸಿ, ಪಟೇಲರು ಪಕ್ಕದಲ್ಲೊಂದು ಗಿಡ್ಡ ಸ್ಟೂಲಿನ ಮೇಲೆ ಮುದುರಿಕೊಂಡರು. ಗುಂಡಿಯ ವಿಚಾರ ಬಂದಾಗ ತಡಬಡಾಯಿಸಿ, "ಕುಂಟ ಸ್ವಾಮಿ, ಕೆಲಸಕ್ಕೆ ಬರಲ್ಲ. ಇವನ ದಾಯಾದಿ ಹೆಸರಿಗೆ ಮಾಡಿಕೊಟ್ರೆ ಅನುಕೂಲ," ಎಂದರು.

"ನಡೀತಾನಾ?"

"ನಡೀತಾನೆ."

"ಡಂಗುರ ಸಾರ್ತಾನಾ?"

"ಸಾರ್ತಾನೆ."

"ಮಧುಗಿರಿ ಖಜಾನೆಗೆ ಹೋಗಿ ಬರ್ತಾನಾ?"

"ಬತ್ತಾನೆ."

"ಮತ್ತೆ ಯಾವ ಕೆಲಸಕ್ಕೆ ಬರಲ್ಲ?"

ಪಟೇಲರು ಶಾನುಭೋಗರ ಮುಖ ನೋಡಿದರು. ಶಾನುಭೋಗರು ತೊಲೆ ನೋಡಿದರು. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಯಜಮಾನರನ್ನು ಬಿಡಿಸಿ ಅಭ್ಯಾಸವಿದ್ದ ಕದಿರಯ್ಯನೇ ಗುಂಡಿಯಿಂದ ನೆರವಿಗೆ ಬಂದ. "ಕುಕ್ಕರುಗಾಲಲ್ಲಿ ಕೂರಕ್ಕೆ ಬರಲ್ಲ ಬುದ್ಧಿ. ಆಪ್ರೇಷನ್ ಆಗ್ಯದೆ."

ಅಮಲ್ದಾರರೇನು ಧರ್ಮರಾಯರಲ್ಲ. ತಮ್ಮ ಕಚೇರಿಯಲ್ಲಿ ಮುದಿ ಗುಮಾಸ್ತರನ್ನು ಗಂಟೆಗಟ್ಟಲೆ ನಿಲ್ಲಿಸಿಕೊಳ್ಳುತ್ತಿದ್ದವರೇ. ಆದರೆ ಹೊಟ್ಟೆ ಹಸಿದಿತ್ತು, ಜೀಪು ಉರುಳುವುದರಲ್ಲಿತ್ತು, ತಾವು ಹೆದರಿ ಕೂಗಿದ್ದನ್ನು ಊರೆಲ್ಲ ನೋಡಿತ್ತು. ಇದಕ್ಕೆಲ್ಲ ಯಾರನ್ನಾದರೂ ಬೈಯಬೇಕಿತ್ತು. "ಕುಕ್ಕರುಗಾಲಲ್ಲಿ ಕೂರಬೇಕು ಅಂತ ಯಾವ ರೂಲ್ಸಿನಲ್ಲಿದೆ ಪಟೇಲರೇ? ತಳವಾರಿಕೆ ಇವನ ಹೆಸರಲ್ಲೇ ಇರಲಿ. ಮೊದಲು ಆ ಗುಂಡಿ ಮುಚ್ಚಿಸಿ!"

ಊರಿನ ಗುಂಡಿ ಮುಚ್ಚುವುದೂ ತಳವಾರನ ಕೆಲಸವೇ. ಕದಿರಯ್ಯ ಮೇಲೆದ್ದು ಗುದ್ದಲಿಗೆ ಹೊರಟ. ಅಮಲ್ದಾರರು ತಡೆದರು. "ನೀನಲ್ಲಯ್ಯ, ಬೇರೆಯವರು ಮುಚ್ಚಲಿ. ಬಾ ಇಲ್ಲಿ. ಆಪರೇಷನ್ ಆದ ಕಾಲು, ನಿಲ್ಲಬೇಡ." ಊಟ ಅಣಿಯಾಗುವಷ್ಟರಲ್ಲಿ ಕೆರೆಯ ಏರಿಯನ್ನು ನೋಡಿಬರಬೇಕೆಂದು ಅವರು ಎದ್ದಿದ್ದರು. ಕೂರಿಸಲು ಸುತ್ತ ನೋಡಿದರೆ ಪಟೇಲರು ಕೂತಿದ್ದ ಸ್ಟೂಲು ಬಿಟ್ಟರೆ ಮತ್ತೊಂದು ಆಸನವಿಲ್ಲ. ತಾವು ಬಿಟ್ಟೆದ್ದ ಕೈಕುರ್ಚಿಯನ್ನೇ ತೋರಿಸಿದರು. "ಇಲ್ಲೇ ಕೂತಿರು, ನಾನು ಬರೋವರೆಗೂ. ಪಟೇಲರೇ, ನೀವು ಊಟದ್ದು ನೋಡಿಕೊಳ್ಳಿ." ಶಾನುಭೋಗರನ್ನು ಜೀಪಿಗೆ ಹತ್ತಿಸಿಕೊಂಡು ಹೊರಟೇಹೋದರು.

ಕದಿರಯ್ಯ ಕೂತ. ಕೂರದೆ ಏನು ಮಾಡಿಯಾನು, ಸರ್ಕಾರವೇ ಕೂರೆಂದಿದೆ. ಅಂಗಳದಲ್ಲಿ ನೆರೆದಿದ್ದ ಊರು ಕತ್ತೆತ್ತಿ ನೋಡಿತು. ಬೇವಿನ ಮರದಡಿ ಚಿಕ್ಕಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಜೀಪಿನ ಸದ್ದು ಅಡಗಿದ ಮೇಲೆ ಪಟೇಲರು ಗಿಡ್ಡ ಸ್ಟೂಲಿನಿಂದ ತಗ್ಗಿದ ದನಿಯಲ್ಲಿ, "ಹೋದ್ರಲ್ಲ ಅವ್ರು. ಇಳೀಲಾ ಕೆಳಕ್ಕೆ," ಎಂದರು.

ಕದಿರಯ್ಯ ತಿರುಗಿ ನೋಡಿದ. ಹುಟ್ಟಿದಾಗಿನಿಂದ ಈ ಪಟೇಲರ ಪಾದಗಳನ್ನು ನೋಡಿಕೊಂಡು ಬಂದವನು ಅವನು. ಹಿಮ್ಮಡಿಯ ಒಡಕು, ಕಿರುಬೆರಳಿನ ಆಣಿ ಎಲ್ಲ ಗೊತ್ತು. ಶಿರಾ ಸಂತೆಯ ಜನಜಂಗುಳಿಯಲ್ಲೂ ಆ ಪಾದ ಗುರುತು ಹಿಡಿಯಬಲ್ಲ. ಈಗ ಎದುರಿಗೆ, ತನಗಿಂತ ಒಂದು ಗೇಣು ಕೆಳಗೆ, ಒಂದು ಮುಖ. ಗದ್ದದಲ್ಲಿ ಕ್ಷೌರ ತಪ್ಪಿದ ಬಿಳೀ ಕೂದಲು. ಪೊರೆ ಬಂದ ಒಂದು ಕಣ್ಣು, ಅದರಲ್ಲಿ ನೀರು. ಆ ಕಣ್ಣು ಒಮ್ಮೆ ಕುರ್ಚಿಯನ್ನೂ ಒಮ್ಮೆ ನೆರೆದ ಊರನ್ನೂ ನೋಡುತ್ತಿತ್ತು. ಈ ಮುದುಕ ಹೆದರಿದ್ದಾನೆ ಎಂದು ಕದಿರಯ್ಯನಿಗೆ ತಿಳಿಯಿತು. ಹೆದರಿರುವುದು ತನಗೆ ಎಂದು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅವನಿಗೆ ನಗು ಬರಲಿಲ್ಲ, ಅಯ್ಯೋ ಅನ್ನಿಸಿತು.

"ಯಾಕ್ಲಾ ಅಂಗೆ ನೋಡ್ತೀಯ?" ಎಂದರು ಪಟೇಲರು.

"ಏನಿಲ್ಲ ಬುದ್ಧಿ," ಎಂದ ಕದಿರಯ್ಯ, ಕೂತಲ್ಲಿಂದ ಅಲುಗದೆ. "ನಿಮ್ಮ ಮೊಕ ನಾನು ಇವತ್ತೇ ಸರಿಯಾಗಿ ನೋಡಿದ್ದು. ನಿಮಗೂ ವಯಸ್ಸಾಗೋಗ್ಯದಲ್ಲ."