ಮಾವನ ಗಾಡಿಗೆ ಅತ್ತೆಯೇ ಕಂಡಕ್ಟರು

ಕಾರು ನನ್ನ ಹೆಸರಿನಲ್ಲಿದೆ. ಸ್ಟೀರಿಂಗು ಮಾತ್ರ ಮಾವನ ಕೈಯಲ್ಲಿದೆ. ಈ ಏರ್ಪಾಡಿನ ಬಗ್ಗೆ ನನಗೇನೂ ತಕರಾರಿಲ್ಲ. ತಕರಾರಿರುವುದು ನನ್ನ ಗಂಡನಿಗೆ, ಆದರೆ ಅವರ ತಕರಾರಿಗೆ ನಮ್ಮ ಮನೆಯಲ್ಲಿ ಯಾರೂ ಸೊಪ್ಪು ಹಾಕುವುದಿಲ್ಲ.

ನನ್ನ ಮಾವ ಮೀಸೆ ಚಿಗುರಿದಾಗಿನಿಂದ ನಿವೃತ್ತರಾಗುವವರೆಗೂ ಬಸ್ಸು ಓಡಿಸಿದವರು. ಊರಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ನಿವೃತ್ತರಾದ ಮೇಲೆ ಸ್ವಲ್ಪ ದಿನ ಪೇಪರು ಓದಿದರು, ಗಿಡಗಳಿಗೆ ನೀರು ಹಾಕಿದರು, ಆಮೇಲೆ ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಜಾಗ ಬದಲಾಯಿಸಲು ಶುರುಮಾಡಿದರು. ಸಕ್ಕರೆ ಇದ್ದಲ್ಲಿ ಉಪ್ಪು ಬಂದು ಕೂತ ದಿನ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಇವ್ರಿಗೆ ಓಡಿಸಕ್ಕೆ ಏನಾದ್ರೂ ಕೊಡಮ್ಮ, ಇಲ್ದಿದ್ರೆ ನನ್ನ ತಲೆ ಮೇಲೇ ಓಡಾಡ್ತಾರೆ" ಎಂದರು. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅಂಗಡಿ ದೂರ, ಮಗಳ ಶಾಲೆ ಇನ್ನೂ ದೂರ, ಅತ್ತೆಗೆ ಮಂಡಿನೋವು. ಹೇಗೂ ಮನೆಗೊಂದು ಕಾರು ಬೇಕಾಗಿತ್ತು.

ಶೋರೂಮಿನಲ್ಲಿ ಮಾವ ಸಣ್ಣ ಕಾರುಗಳಲ್ಲಿ ಒಂದೊಂದಾಗಿ ಕೂತು ಎದ್ದು ಬಂದರು. "ಚಾಪೆ ಹಾಸ್ಕೊಂಡು ರಸ್ತೆ ಮೇಲೆ ಕೂತಂಗಿದೆ" ಎಂದು ಎಲ್ಲವನ್ನೂ ತಳ್ಳಿಹಾಕಿದರು. ಕೊನೆಗೆ ಸೇಲ್ಸ್‌ನವನು ಒಂದು ಕಾಂಪ್ಯಾಕ್ಟ್ ಎಸ್‌ಯುವಿ ತೋರಿಸಿ, "ಸರ್, ಇದು ಹೊರಗಡೆ ಚಿಕ್ಕದು, ಒಳಗಡೆ ದೊಡ್ಡದು" ಎಂದ. ಮಾವ ಹತ್ತಿ ಕೂತರು. ಆ ಎತ್ತರದಿಂದ ಶೋರೂಮಿನ ಗಾಜಿನಾಚೆಯ ರಸ್ತೆಯನ್ನು ನೋಡಿದರು. ಮುಖ ಅರಳಿತು. "ಇದಪ್ಪ ಗಾಡಿ ಅಂದ್ರೆ. ಆದ್ರೆ ಸ್ಟೀರಿಂಗ್ ಕೇಳಿದ್ರೆ ಊಟದ ತಟ್ಟೆ ಕೊಟ್ಟಿದೀರಲ್ಲ" ಎಂದರು. ಬಣ್ಣ ಆರಿಸುವ ಅಧಿಕಾರವನ್ನು ನನಗೂ ಮಗಳಿಗೂ ಬಿಟ್ಟುಕೊಟ್ಟರು, ಅದೇ ದೊಡ್ಡದು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಬಸ್ಸಿನ ಗುಣವೂ ಹಾಗೆಯೇ. ಬೆಳಿಗ್ಗೆ ಗೇಟು ತೆಗೆಯುವ ಮೊದಲು ಮಾವ ಗಾಡಿಯ ಸುತ್ತ ಬಂದು ಚಕ್ರಗಳಿಗೆ ಒಂದೊಂದು ಒದೆ ಕೊಡುತ್ತಾರೆ. ತಿರುವು ಬಂದರೆ ನಮ್ಮ ಹಿಂದೆ ಇನ್ನೂ ಹದಿನೈದು ಸಾಲು ಸೀಟಿದೆಯೇನೋ ಎಂಬಂತೆ ಇಡೀ ರಸ್ತೆಯನ್ನು ಬಳಸಿ ತಿರುಗಿಸುತ್ತಾರೆ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ನೋಡಿ ಎಂದರೆ, "ಟಿವಿ ನೋಡ್ಕೊಂಡು ಯಾರಾದ್ರೂ ಗಾಡಿ ಓಡಿಸ್ತಾರೇನಮ್ಮ" ಎಂದು ನನ್ನನ್ನೇ ಗದರುತ್ತಾರೆ. ಬಸ್ ಸ್ಟಾಪು ಕಂಡರೆ ಅವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಒಂದು ದಿನ ಹೀಗೆ ಸ್ಟಾಪಿನಲ್ಲಿ ನಿಂತೇಬಿಟ್ಟೆವು. ಚೀಲ ಹಿಡಿದಿದ್ದ ಹೆಂಗಸೊಬ್ಬಳು ಕಿಟಕಿಗೆ ಬಗ್ಗಿ, "ಮಾರ್ಕೆಟ್ಟಿಗೆ ಹೋಗತ್ತಾ?" ಎಂದು ಕೇಳಿದಳು. "ಹೋಗತ್ತೆ, ಹತ್ತಿ" ಎಂದರು ಮಾವ. ಆಕೆ ನನ್ನ ಪಕ್ಕ ಕೂತು ಮಾರ್ಕೆಟ್ಟಿನವರೆಗೂ ಬಂದಳು. ಇಳಿಯುವಾಗ ಚಿಲ್ಲರೆ ಚಾಚಿದರೆ ಮಾವನಿಗೆ ಸಿಟ್ಟು ಬಂತು. "ದುಡ್ಡು ಮುಟ್ಟೋದು ಡ್ರೈವರ್ ಕೆಲಸ ಅಲ್ಲ" ಎಂದರು.

ಕಂಡಕ್ಟರ್ ಕೆಲಸ ನಮ್ಮ ಅತ್ತೆಯದು. ಇದು ತಮಾಷೆಯ ಮಾತಲ್ಲ. ಹೊಸದರಲ್ಲಿ ನಾವೆಲ್ಲ ಹತ್ತಿ ಕೂತು ಬೆಲ್ಟು ಹಾಕಿಕೊಂಡರೂ ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಮಾವ ಹಿಂದಕ್ಕೆ ತಿರುಗಿ ನೋಡುವವರಲ್ಲ. "ರಸ್ತೆ ನೋಡೋದು ಡ್ರೈವರ್ ಕೆಲಸ, ಜನರನ್ನ ನೋಡೋದು ಕಂಡಕ್ಟರ್ ಕೆಲಸ. ಎರಡೂ ಒಬ್ನೇ ಮಾಡಕ್ಕೆ ಹೋದ್ರೆ ಎರಡೂ ಕೆಡತ್ತೆ" ಎಂಬುದು ಅವರ ಸಿದ್ಧಾಂತ. ಹಾಗಾಗಿ ಎಂಜಿನ್ನು ಗುರ್ ಎನ್ನುತ್ತಲೇ ಇರುತ್ತಿತ್ತು, ಇವರು ಕಲ್ಲಿನಂತೆ ಕೂತಿರುತ್ತಿದ್ದರು. ಕೊನೆಗೆ ಅತ್ತೆಗೆ ರೇಗಿ, ಬಾಗಿಲಿನ ಮೇಲೆ ಎರಡು ಸಲ ಬಡಿದು, "ರೈಟ್, ಹೋಗ್ರಿ ಅತ್ಲಾಗೆ" ಎಂದರು. ಗಾಡಿ ಆ ಕ್ಷಣವೇ ಹೊರಟಿತು. ಅಂದಿನಿಂದ ಎಲ್ಲರೂ ಹತ್ತಿದ ಮೇಲೆ ಕೊನೆಯಲ್ಲಿ ಅತ್ತೆ ಹತ್ತುವುದು, ಬಾಗಿಲು ಹಾಕಿ ಎರಡು ಸಲ ಬಡಿಯುವುದು, ರೈಟ್ ಅನ್ನುವುದು. ನನ್ನ ಗಂಡ ಇದನ್ನು ಹುಚ್ಚು ಎಂದರು. ನಾನು ಒಪ್ಪಿದೆ, ಆದರೆ ಯಾರಿಗೂ ತೊಂದರೆಯಿಲ್ಲದ ಹುಚ್ಚು ಮನೆಯಲ್ಲಿ ಒಂದಾದರೂ ಇರಬೇಕು.

ತೊಂದರೆಯೂ ಒಂದು ದಿನ ಬಂತು. ಅಂದು ಮಾವ, ಅತ್ತೆ ಇಬ್ಬರೇ ಅತ್ತೆಯ ತಂಗಿಯ ಮನೆಗೆ ಹೊರಟಿದ್ದರು. ಮಂಡಿನೋವಿನಿಂದ ಅತ್ತೆ ಮೆಟ್ಟಿಲಿಳಿದು ಬರುವುದು ಸ್ವಲ್ಪ ತಡವಾಯಿತು. ಮಾವನಿಗೆ ಹೊತ್ತು ತಪ್ಪಿದರೆ ಮೈಯೆಲ್ಲ ಉರಿ. "ನೀನು ಹತ್ತೋ ಹೊತ್ತಿಗೆ ನಾನು ಒಂದು ಟ್ರಿಪ್ ಹೊಡ್ಕೊಂಡು ಬಂದಿರ್ತಿದ್ದೆ" ಎಂದುಬಿಟ್ಟರು. ಅತ್ತೆ ಮುಖ ಊದಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ದಾರಿಯಲ್ಲಿ ಟೈರಿಗೆ ಗಾಳಿ ಹಾಕಿಸಲು ನಿಲ್ಲಿಸಿದಾಗ, "ನೀರು ತರ್ತೀನಿ" ಎಂದು ಇಳಿದು ಪಕ್ಕದ ಅಂಗಡಿಗೆ ಹೋದರು. ಗಾಳಿಯಂತ್ರದ ಗದ್ದಲದಲ್ಲಿ ಆ ಮಾತು ಮಾವನ ಕಿವಿಗೆ ಬೀಳಲಿಲ್ಲ. ಗಾಳಿ ಹಾಕುವವನು ಕೊನೆಯ ಚಕ್ರ ಮುಗಿಸಿ ಎದ್ದವನು, ಹಿಂದಿನ ಬಾಗಿಲಿಗೆ ಎರಡು ಸಲ ತಟ್ಟಿ, "ಆಯ್ತು ಯಜಮಾನ್ರೇ, ರೈಟ್" ಎಂದ.

ಮಾವ ಹೊರಟರು.

ಸ್ವಲ್ಪ ದೂರ ಸುಮ್ಮನೆ ಓಡಿಸಿದರಂತೆ. ಆಮೇಲೆ ಮನಸ್ಸು ತಡೆಯದೆ, "ಬೆಳಗ್ಗೆ ಅಂದಿದ್ದು ತಪ್ಪಾಯ್ತು ಬಿಡು. ನಿನ್ನ ಮಂಡಿ ನೋವು ನಂಗೆ ಗೊತ್ತಿಲ್ವಾ?" ಎಂದರಂತೆ. ಉತ್ತರವಿಲ್ಲ. "ಎಷ್ಟೊತ್ತು ಅಂತ ಹಂಗೇ ಕೂತಿರ್ತೀಯ, ಮಾತಾಡು." ಅದಕ್ಕೂ ಉತ್ತರವಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ದಾರಿಯುದ್ದಕ್ಕೂ ರಮಿಸಿದ್ದಾರೆ. ನನಗೆ ತಿಳಿದಮಟ್ಟಿಗೆ ಈ ಮನುಷ್ಯ ಹೆಂಡತಿಗೆ ತಪ್ಪಾಯ್ತು ಎಂದದ್ದು ಅದೇ ಮೊದಲು. ಕೇಳಿಸಿಕೊಂಡದ್ದು ಸೀಟಿನ ಮೇಲೆ ಉಳಿದಿದ್ದ ಅತ್ತೆಯ ಕೈಚೀಲ.

ಅತ್ತೆಯ ತಂಗಿಯ ಮನೆ ಮುಂದೆ ಗಾಡಿ ನಿಂತಿತು. ಆಕೆ ಓಡಿ ಬಂದು, "ಭಾವ, ಅಕ್ಕ ಎಲ್ಲಿ?" ಎಂದರು.

"ಹಿಂದಿದಾಳೆ. ಸಿಟ್ಟಲ್ಲಿದಾಳೆ, ನೀನೇ ಇಳಿಸ್ಕೋ" ಎಂದರು ಮಾವ.

ಆಕೆ ಬಾಗಿಲು ತೆಗೆದು ನೋಡಿದರು. ಮಾವನೂ ಅಂದು ಮೊದಲ ಬಾರಿಗೆ ಹಿಂದಕ್ಕೆ ತಿರುಗಿ ನೋಡಿದರು. ಒಂದು ಲೋಟ ನೀರನ್ನೂ ಕುಡಿಯದೆ ಗಾಡಿ ತಿರುಗಿಸಿದರಂತೆ.

ಅಷ್ಟರಲ್ಲಿ ಅತ್ತೆ ಗಾಳಿ ಅಂಗಡಿಯವನ ಫೋನಿನಿಂದ ನನಗೆ ಕರೆ ಮಾಡಿದ್ದರು. "ಗಾಳಿ ಅಂಗಡೀಲಿದೀನಿ ಕಣಮ್ಮ. ಕೂರಕ್ಕೆ ಸ್ಟೂಲ್ ಕೊಟ್ಟಿದಾರೆ, ಟೀನೂ ಕೊಟ್ಟಿದಾರೆ. ನಿಮ್ಮ ಮಾವನ್ನ ಮಾತ್ರ ಕಾಣೆ." ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಮುಂದೆ ಅಕ್ಷರ ಓದುತ್ತಿದ್ದ ಗಿರಾಕಿ ತಾನೇನೋ ತಪ್ಪು ಓದಿದೆ ಎಂದು ಗಾಬರಿಯಾದ.

ಸಂಜೆ ಮನೆಗೆ ಹೋದರೆ ನಗುವ ಪರಿಸ್ಥಿತಿ ಇರಲಿಲ್ಲ. ಮಾವ ಎಲ್ಲವನ್ನೂ ಒಂದೂ ಬಿಡದೆ ಹೇಳಿದರು, ಕೈಚೀಲಕ್ಕೆ ತಪ್ಪಾಯ್ತು ಎಂದದ್ದನ್ನೂ ಸೇರಿಸಿ. ಆಮೇಲೆ ಕಾರಿನ ಕೀಲಿಯನ್ನು ಟೇಬಲ್ಲಿನ ಮೇಲಿಟ್ಟು, "ಸರ್ವೀಸಲ್ಲಿ ಒಬ್ನೇ ಒಬ್ಬ ಪ್ಯಾಸೆಂಜರನ್ನ ದಾರೀಲಿ ಬಿಟ್ಟು ಬಂದೋನಲ್ಲ ನಾನು. ಕಟ್ಕೊಂಡ ಹೆಂಡ್ತೀನೇ ಬಿಟ್ಟು ಬಂದೆ. ಇನ್ನು ನಾನು ಗಾಡಿ ಮುಟ್ಟಲ್ಲ" ಎಂದರು. ನನ್ನ ಗಂಡ, "ಒಳ್ಳೇದೇ ಆಯ್ತು ಬಿಡಿ ಅಪ್ಪ, ವಯಸ್ಸಾಯ್ತಲ್ಲ" ಎಂದರು. ಆ ಮಾತು ಬೇಕಿತ್ತೇ? ಮಾವನ ಕಣ್ಣು ಪರೀಕ್ಷಿಸುವವಳು ನಾನು. ಆ ಕಣ್ಣು ಇವರ ಕಣ್ಣಿಗಿಂತ ಚೆನ್ನಾಗಿದೆ. ಅಂದು ನನ್ನ ಗಂಡನಿಗೆ ಊಟದ ಜೊತೆ ಅದನ್ನೂ ಬಡಿಸಿದೆ.

ಮರುದಿನದಿಂದ ಮಾವ ಜಗಲಿಯ ಮೂಲೆ ಹಿಡಿದರು. ಪೇಪರು ಮಡಿಸಿದ್ದು ಮಡಿಸಿದಂತೆಯೇ ಇರುತ್ತಿತ್ತು. ತಟ್ಟೆಯಲ್ಲಿ ಹಾಕಿದ್ದು ಅರ್ಧ ಉಳಿಯುತ್ತಿತ್ತು. ಡಬ್ಬಿಗಳ ಜಾಗವನ್ನಾದರೂ ಬದಲಾಯಿಸಲಿ ಎಂದು ನಾನು ಅಡುಗೆಮನೆಯ ಬಾಗಿಲು ತೆರೆದಿಟ್ಟು ನೋಡಿದೆ. ಬರಲಿಲ್ಲ. ಕಾರನ್ನು ನನ್ನ ಗಂಡ ಓಡಿಸಿದರು. ಓಡಿಸಿದರು ಎನ್ನುವುದಕ್ಕಿಂತ ಹಾರ್ನು ಬಾರಿಸಿದರು ಎನ್ನಬೇಕು. ಮಗಳು ಶಾಲೆ ತಲುಪುವ ಹೊತ್ತಿಗೆ ಹೊಟ್ಟೆ ತೊಳಸುತ್ತಿದೆ ಎನ್ನುತ್ತಿದ್ದಳು. ಅದಿರಲಿ, ಮಾವ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರು. ನನಗೆ ಹೆದರಿಕೆಯಾಯಿತು. ಈ ಮನುಷ್ಯ ಮತ್ತೆ ಸ್ಟೀರಿಂಗು ಹಿಡಿಯದಿದ್ದರೆ ಜಗಲಿಯಿಂದ ಏಳುವುದೇ ಇಲ್ಲ ಎನ್ನಿಸಿತು. ನಾನು ಹೇಳಿದೆ, ಮಗಳು ಅತ್ತಳು, ಅತ್ತೆಯ ತಂಗಿ ಫೋನು ಮಾಡಿದರು. ಎಲ್ಲರಿಗೂ ಒಂದೇ ಉತ್ತರ. "ಬೇಡಮ್ಮ, ಧೈರ್ಯ ಹೋಯ್ತು."

ಅತ್ತೆಯ ಮಂಡಿಗೆ ವ್ಯಾಯಾಮ ಮಾಡಿಸುವ ಕ್ಲಿನಿಕ್ಕಿಗೆ ಹೋಗುವ ದಿನ ಬಂತು. ನನ್ನ ಗಂಡ ಆಫೀಸಿಗೆ ತಡವಾಗುತ್ತದೆ ಎಂದು ಗೊಣಗುತ್ತ ಸ್ಟೀರಿಂಗಿನ ಮುಂದೆ ಕೂತರು. ಅತ್ತೆ ನಿಧಾನವಾಗಿ ಮೆಟ್ಟಿಲಿಳಿದು ಕಾರಿನವರೆಗೂ ಹೋದವರು, ಹತ್ತಲಿಲ್ಲ. ಬಾಗಿಲು ಹಿಡಿದು ನಿಂತು ಜಗಲಿಯತ್ತ ತಿರುಗಿದರು.

"ರೀ, ನೀವು ಬಿಟ್ಟು ಹೋಗಿದ್ದು ನನ್ನನ್ನ. ದೂರು ಹೇಳ್ಬೇಕಾದೋಳು ನಾನು. ನೀವ್ಯಾಕೆ ಊಟ ಬಿಟ್ಟು ಕೂತಿದೀರ?"

ಮಾವ ತಲೆ ಎತ್ತಲಿಲ್ಲ. "ನಡು ರಸ್ತೇಲಿ ಬಿಟ್ಟು ಹೋದೆನಲ್ಲೇ ನಿನ್ನ" ಎಂದರು.

"ಅದೇನು ಹೊಸದಾ? ಇವನು ಹುಟ್ಟೋ ದಿನ ಬೆಳಗ್ಗೇನೇ ನೋವು ಶುರುವಾಗಿತ್ತು. ನಿಮ್ಮ ಬಸ್ಸು ಬರೋ ಹೊತ್ತು ಅಂತ ಗೇಟ್ ಹಿಡ್ಕೊಂಡು ನಿಂತಿದ್ದೆ. ಬಂದ್ರಿ, ನನ್ನ ನೋಡಿ ಹಾರ್ನ್ ಹೊಡೆದ್ರಿ, ಹೋದ್ರಿ. ಮನೆ ಮುಂದೆ ಸ್ಟಾಪ್ ಇರ್ಲಿಲ್ಲ. ಪಕ್ಕದ ಮನೆಯವರು ನನ್ನ ಆಸ್ಪತ್ರೆಗೆ ಸೇರಿಸಿದ್ರು. ನಾನು ಬೈದ್ನಾ? ಬಸ್ಸು ತುಂಬ ಜನ ಇದ್ರು, ನೀವಾದ್ರೂ ಏನು ಮಾಡ್ತೀರ."

ನನ್ನ ಗಂಡ ಎಂಜಿನ್ನು ಆರಿಸಿದರು. ಈ ಕಥೆ ಅವರಿಗೂ ಗೊತ್ತಿರಲಿಲ್ಲ.

"ಮೊನ್ನೆ ಆ ಅಂಗಡಿ ಮುಂದೆ ಸ್ಟೂಲ್ ಮೇಲೆ ಕೂತಿದ್ದೆ. ದೂರದಲ್ಲಿ ನಮ್ಮ ಗಾಡಿ ಕಾಣಿಸ್ತು. ನೀವು ಬರ್ತಿದ್ರಿ. ಮದುವೆ ಆಗಿ ಇಷ್ಟು ವರ್ಷ ಆಯ್ತು, ನಂಗೋಸ್ಕರ ನೀವು ಗಾಡಿ ತಿರುಗಿಸ್ಕೊಂಡು ಬಂದಿದ್ದು ಅವತ್ತೇ ಮೊದಲು. ಆ ಗಾಳಿ ಹಾಕೋನಿಗೆ, ನೋಡಪ್ಪ ನಮ್ಮೆಜಮಾನ್ರು ಬಂದ್ರು ಅಂತ ಎಷ್ಟು ಜಂಬದಿಂದ ಹೇಳ್ದೆ ಗೊತ್ತಾ? ಬಿಟ್ಟು ಹೋಗಿದ್ದು ಹೊಸದಲ್ಲ ರೀ, ತಿರುಗಿ ಬಂದಿದ್ದು ಹೊಸದು."

ನನ್ನ ಕಣ್ಣಲ್ಲಿ ಆಗಲೇ ನೀರು ಬಂದಿತ್ತು, ಮುಚ್ಚಿಡುವುದೇನು. ನನ್ನ ಗಂಡ ಕಾರಿನಿಂದ ಇಳಿದು ಬಾಗಿಲು ತೆರೆದು ಹಿಡಿದರು. ಮಾವ ಎದ್ದು ಒಳಗೆ ಹೋಗಿ, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಅತ್ತೆಯ ತೋಳು ಹಿಡಿದು ಹತ್ತಿಸಿದರು, ತಾವೂ ಹತ್ತಿ ಕೂತರು. ಬಸ್ಸಿನ ಹಣೆಯ ಮೇಲೆ ಹೋಗುವ ಜಾಗ ಬರೆದಿರುತ್ತಿದ್ದುದರಿಂದ ಅವರು ಎಲ್ಲಿಗೆ ಎಂದು ಯಾರನ್ನೂ ಕೇಳಿದವರಲ್ಲ. ಅಂದು ಕೇಳಿದರು.

"ಎಲ್ಲಿಗೆ ಹೋಗೋಣ ಹೇಳು."

"ಮೊದ್ಲು ಮಂಡಿ ತೋರಿಸ್ಕೊಳ್ಳೋಣ. ಆಮೇಲೆ ಹೇಳ್ತೀನಿ" ಎಂದರು ಅತ್ತೆ.

ಕ್ಲಿನಿಕ್ಕು ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಅವರಿಬ್ಬರು ಮನೆಗೆ ಬಂದದ್ದು ಬೀದಿ ದೀಪ ಹೊತ್ತಿಕೊಂಡ ಮೇಲೆ. ಅತ್ತೆಯ ಚಪ್ಪಲಿಗೆ ಹೊಳೆದಡದ ಒದ್ದೆ ಮರಳು ಮೆತ್ತಿತ್ತು. ನಾನು ಏನೂ ಕೇಳದೆ ಇಬ್ಬರಿಗೂ ಊಟಕ್ಕೆ ಬಡಿಸಿದೆ.