ಬಸ್ಸು ತಪ್ಪಿಸಿದ ಮರ್ಯಾದೆ

ನಿಮ್ಮಲ್ಲಿ ಚಿಕ್ಕವಳ ಹಳದಿ ಸ್ಕೂಲ್ ಬಸ್ಸು ಯಾಕೆ ನಿಂತಿತೆಂದು ನೀವು ಕೇಳಿದಾಗಲೆಲ್ಲ ನಿಮ್ಮಪ್ಪ "ಬಜೆಟ್ ಕಟ್" ಎಂದು ಮುಗಿಸಿಬಿಡುತ್ತಾರೆ. ಅಷ್ಟೇ ಅಲ್ಲ ಮಕ್ಕಳೇ. ಅದನ್ನು ತೀರ್ಮಾನಿಸಿದ ಸಭೆಯಲ್ಲಿ ನಿಮ್ಮಜ್ಜಿ ನಾನೂ ಕೂತಿದ್ದೆ.

ಈ ಓಲ್ಡ್ ಬ್ರಿಡ್ಜ್ ಊರಿನಲ್ಲಿ ಶಾಲೆಯ ಖರ್ಚು ಬಹುಪಾಲು ಮನೆಗಳ ಟ್ಯಾಕ್ಸಿನಿಂದಲೇ ನಡೆಯುತ್ತದೆ. ಉಳಿದದ್ದನ್ನು ರಾಜ್ಯ ಕೊಡಬೇಕು. ಈ ವರ್ಷ ರಾಜ್ಯ ಕೈ ಬಿಗಿಹಿಡಿಯಿತಂತೆ. ಟ್ಯಾಕ್ಸೂ ಏರಿಸುತ್ತೇವೆ, ಶಾಲೆಗೆ ಹತ್ತಿರದ ಮಕ್ಕಳ ಬಸ್ಸೂ ನಿಲ್ಲಿಸುತ್ತೇವೆ ಎಂದು ಊರ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡಿನವರು ಹೇಳಿದರು. ದೊಡ್ಡವನ ಶಾಲೆ ದೂರ, ಅವನ ಬಸ್ಸು ಉಳಿಯಿತು. ಚಿಕ್ಕವಳದು ಹತ್ತಿರ. ಹತ್ತಿರವೆಂದರೆ ಕಾರಿನಲ್ಲಿ ಕೂತವರಿಗೆ ಹತ್ತಿರ. ಆ ದಾರಿಗೆ ಫುಟ್‌ಪಾತ್ ಇಲ್ಲ. ನಿಮ್ಮಪ್ಪ ಬೆಳಕು ಹರಿಯುವ ಮುಂಚೆ ನ್ಯೂಯಾರ್ಕಿಗೆ ಹೊರಡುತ್ತಾರೆ, ನಿಮ್ಮವ್ವ ಆಸ್ಪತ್ರೆಗೆ. ಬಸ್ಸು ನಿಂತರೆ ಕಾರು ಓಡಿಸಲು ಬಾರದ ನಾನೇ ಅವಳನ್ನು ನಡೆಸಿಕೊಂಡು ಹೋಗಬೇಕಾಗುತ್ತಿತ್ತು.

ಕೊನೆಯ ತೀರ್ಮಾನದ ದಿನ ಎಲ್ಲರೂ ಸಭೆಗೆ ಹೋದೆವು. ಮಾತಾಡಬೇಕೆನ್ನುವವರು ಮೈಕಿನ ಮುಂದೆ ನಿಲ್ಲಬೇಕು. ಮೊದಲು ಬಿಳಿಗೂದಲಿನ ಅಮೆರಿಕನ್ನರು ಒಬ್ಬೊಬ್ಬರಾಗಿ ಹೋದರು. ನಮ್ಮ ಮಕ್ಕಳು ಓದಿ ಮುಗಿಸಿದ್ದಾರೆ, ಇನ್ನೂ ಟ್ಯಾಕ್ಸ್ ಏರಿಸಿದರೆ ಮನೆ ಮಾರಬೇಕಾಗುತ್ತದೆ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಕಷ್ಟವನ್ನು ತಾವೇ ಎದ್ದು ಹೇಳಿದರು.

ನಮ್ಮ ಸಾಲಿನಲ್ಲಿ ನಿಮ್ಮಪ್ಪ, ಪಕ್ಕದಲ್ಲಿ ನಮ್ಮ ಬೀದಿಯ ಮೈಸೂರಿನ ಡಾಕ್ಟರು.

"ಡಾಕ್ಟ್ರ, ನೀವು ದೊಡ್ಡವ್ರು, ಮೊದ್ಲ ನೀವು ಹೋಗ್ರಿ," ಎಂದರು ನಿಮ್ಮಪ್ಪ.

"ಛೆ ಛೆ, ಟ್ಯಾಕ್ಸ್ ವಿಷ್ಯ ನಿಮಗೇ ಚೆನ್ನಾಗಿ ಗೊತ್ತಿರೋದು. ನೀವು ಸ್ಟಾರ್ಟ್ ಮಾಡಿ, ಹಿಂದೇನೇ ನಾನು ಬರ್ತೀನಿ."

"ಇಲ್ರೀ, ನಿಮ್ಮ ಮುಂದ ನಾ ಹೆಂಗ ಹೋಗ್ಲಿ."

"ಪರವಾಗಿಲ್ಲ, ನೀವೇ ಹೋಗಿ."

ಮದುವೆ ಪಂಕ್ತಿಯಲ್ಲಿ ಮೊದಲು ಕೂರುವವರು ಯಾರೆಂಬ ಉಪಚಾರದಂತೆ ಇದು ಸಾಗಿತು. ಅಳಿಯನ ಜೊತೆ ನೇರವಾಗಿ ಮಾತಾಡುವ ರೂಢಿ ನನಗಿಲ್ಲ. ಮಗಳ ಕಿವಿಯಲ್ಲಿ, "ಅವ್ರಿಗೆ ಏಳಂತ ಹೇಳವ್ವಾ," ಎಂದೆ.

"ಸುಮ್ನಿರವ್ವಾ, ಮಾತಾಡ್ತಾರ," ಎಂದಳು.

"ಯಾವಾಗ? ಮುಂದಿನ ವರ್ಷದ ಬಜೆಟ್ಟಿಗೇನು?"

ಕಡೆಗೆ ನಾನೇ ಎದ್ದೆ. ಹಳ್ಳಿಶಾಲೆಯಲ್ಲಿ ಗುರುಗಳೆದುರೂ ಬಾಯಿ ಬಿಟ್ಟವಳಲ್ಲ. "ಬಸ್ ಪ್ಲೀಸ್, ನೋ ಫುಟ್‌ಪಾತ್" ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಎಲ್ಲರ ಮೊಣಕಾಲು ದಾಟಿ ಈಚೆ ಬಂದೆ. ಅಷ್ಟರಲ್ಲಿ ಬೋರ್ಡಿನ ಅಧ್ಯಕ್ಷೆ, ಇನ್ನು ಮಾತಾಡುವವರಿಲ್ಲವೆಂದು ಜನ ಮಾತಾಡುವ ಭಾಗವನ್ನು ಮುಗಿಸಿಬಿಟ್ಟರು. ನಾನು ಬಾತ್‌ರೂಮ್ ಹುಡುಕುತ್ತಿದ್ದೇನೆಂದುಕೊಂಡು, ಪಾಪ, ನಗುತ್ತ ಬಾಗಿಲಿನತ್ತ ಕೈ ತೋರಿಸಿದರು. ಆಮೇಲೆ ಬೋರ್ಡಿನವರು ಕೈ ಎತ್ತಿ ಮತ ಹಾಕಿದರು. ಬಸ್ಸು ಹೋಯಿತು.

ಪಾರ್ಕಿಂಗ್ ಲಾಟಿಗೆ ಬಂದದ್ದೇ ನಿಮ್ಮಪ್ಪ, ಡಾಕ್ಟರು ಇಬ್ಬರಿಗೂ ಬಾಯಿ ಬಂತು. ಕಾರಿಗೆ ಒರಗಿಕೊಂಡು ರಾಜ್ಯದ ತಪ್ಪು, ಬೋರ್ಡಿನ ತಪ್ಪು, ಎಲ್ಲವನ್ನೂ ಎಂಥ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು ಅಂತೀರಿ. ಚಳಿಯಲ್ಲಿ ನಿಂತು ನಿಂತು ನನ್ನ ತಾಳ್ಮೆ ಮುಗಿಯಿತು.

"ಇಷ್ಟೂ ಮಾತು ಒಳಗ ಆಡಿದ್ರ ಆಗ್ತಿರ್ಲಿಲ್ಲೇನು ಅಂತ ಕೇಳವ್ವಾ," ಎಂದೆ ಮಗಳಿಗೆ.

"ನೀನ ಕೇಳು."

ಕೇಳಿದೆ. ಅಳಿಯನ ಮುಖ ನೋಡಿಯೇ ಕೇಳಿದೆ.

"ಅತ್ತೀ, ದೊಡ್ಡವ್ರನ್ನ ಬಿಟ್ಟು ಮುಂದ ಹೋಗೂದು ಮರ್ಯಾದಿ ಅಲ್ರಿ," ಎಂದರು.

ಡಾಕ್ಟರು ತಲೆಯಾಡಿಸಿ, "ಬಹಳ ಸಂಸ್ಕಾರವಂತ ಅಳಿಯ ಆಂಟಿ ನಿಮಗೆ," ಎಂದರು.

ಈಗ ದಿನಾ ಬೆಳಿಗ್ಗೆ ಚಿಕ್ಕವಳ ಕೈ ಹಿಡಿದು ರಸ್ತೆ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತೇನೆ. ಕಾರುಗಳು ನನ್ನ ಸೆರಗು ಹಾರಿಸಿ ಹೋಗುತ್ತವೆ. "ಅಜ್ಜಿ, ವಾಕ್ ಫಾಸ್ಟ್," ಎಂದು ಅವಳು ಎಳೆಯುತ್ತಾಳೆ. ಸ್ನೋ ಬಿದ್ದರೆ ರಸ್ತೆಯದನ್ನೆಲ್ಲ ತಳ್ಳಿ ಇದೇ ಹುಲ್ಲಿನ ಮೇಲೆ ಗುಡ್ಡೆ ಹಾಕುತ್ತಾರೆ. ಆಗ ಎಲ್ಲಿ ಕಾಲಿಡಬೇಕೆಂದು ಕೇಳಿದರೆ ನಿಮ್ಮವ್ವ "ನೀವ ಹೇಳ್ರಿ" ಅಂತಾಳೆ, ನಿಮ್ಮಪ್ಪ "ನೀನ ಮೊದ್ಲ ಹೇಳು" ಅಂತಾರೆ.