ಮೂವತ್ತನೇ ಪುಟದ ಸಕ್ಕರೆ

ಮೂವತ್ತನೇ ಪುಟಕ್ಕೇ ನಮ್ಮ ಆಯಿ ಕಾದಂಬರಿಯ ಕೊನೆ ಹೇಳಿಬಿಟ್ಟಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಕ್ಷರ ಬಾರದು, ಆದರೆ ಧಾರಾವಾಹಿಯಲ್ಲಿ ಯಾರು ಯಾರ ಹಾಲಿಗೆ ವಿಷ ಬೆರೆಸುತ್ತಾರೆಂದು ವಾರ ಮೊದಲೇ ಹೇಳುವಾಕೆ.

ಆಗ ನಾನು ಪಿಯುಸಿ ಪಾಸಾಗಿ ನಮ್ಮೂರು ಸರಸಂಬಾದಲ್ಲಿ ಮನೆಯಲ್ಲೇ ಕೂತಿದ್ದೆ. ಕಲಬುರಗಿಯಲ್ಲಿ ಡಿಗ್ರಿ ಓದುವ ಆಸೆ ನನ್ನದು. ಅಫಜಲಪುರದಿಂದ ಬಂದ ಸಂಬಂಧ ಕೈತಪ್ಪಬಾರದೆಂಬ ಅವಸರ ಅಪ್ಪನದು. ಯಾವುದಕ್ಕಾದರೂ ಆಯಿ ಹೂಂ ಅನ್ನಬೇಕು. ಆಕೆ ಹೂಂ ಅನ್ನದೆ ನಮ್ಮ ಮನೆಯಲ್ಲಿ ಎಮ್ಮೆಯನ್ನೂ ಮಾರುವುದಿಲ್ಲ.

ಅದಕ್ಕೇ ಮಧ್ಯಾಹ್ನ ಆಕೆ ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಕೂತು ಗ್ರಂಥಾಲಯದ ಕಾದಂಬರಿಯೊಂದನ್ನು ಓದಿ ಹೇಳತೊಡಗಿದೆ. ಹಳ್ಳಿಯ ಹುಡುಗಿಯೊಬ್ಬಳು ಬೆಳೆದು ದೊಡ್ಡವಳಾಗುವ ಕಥೆ. ಮುಂದೇನೆಂದು ನನಗೂ ಗೊತ್ತಿರಲಿಲ್ಲ. ಆದರೆ ಮೊದಲ ಅಧ್ಯಾಯದಲ್ಲೇ ಅವಳ ಗಟ್ಟಿ ಬಾಯಿ ನೋಡಿ, ಇವಳು ಡಾಕ್ಟರ್ ಆಗದೆ ಬಿಡುವುದಿಲ್ಲ ಎಂದುಕೊಂಡಿದ್ದೆ. ಅದನ್ನು ಕೇಳಿಯಾದರೂ ಆಯಿ ಕರಗಲಿ ಎಂಬುದು ನನ್ನ ಹುನ್ನಾರ.

ಮೂವತ್ತನೇ ಪುಟದಲ್ಲಿ ಹುಡುಗಿ ಶಾಲೆಗೇ ಮೊದಲಿಗಳಾದಳು. ಮಾಸ್ತರರ ಹೆಂಡತಿ ಅವಳನ್ನು ಕರೆದು ಬಾಯಿಗೆ ಸಕ್ಕರೆ ಹಾಕಿದಳು. ಆಯಿಯ ಕೈ ರೊಟ್ಟಿಯ ಮೇಲೇ ನಿಂತಿತು.

"ಮುಗೀತು, ಲಗ್ನ ಗೊತ್ತಾತು. ಮಾಸ್ತರಗ ಮಗ ಇರ್ತಾನ, ನೋಡ್ಕೋತ ಇರು."

ನಮ್ಮ ಕಡೆ ಹೆಣ್ಣು ಒಪ್ಪಿದವರು ಸಕ್ಕರೆ ತಿನ್ನಿಸಿದರೆ ಮದುವೆ ಗಟ್ಟಿಯಾದಂತೆ. ಬರೆದವರು ಯಾವ ಸೀಮೆಯವರೋ, ಇದು ಬರೇ ಸಿಹಿ ಎಂದು ನಾನು ಎಷ್ಟು ನಕ್ಕರೂ ಆಕೆ ಜಗ್ಗಲಿಲ್ಲ. ನನಗೂ ಹುರುಪು ಬಂತು, ಪಂದ್ಯ ಕಟ್ಟಿದೆ. ಮದುವೆಯಾಗದೆ ಪುಸ್ತಕ ಮುಗಿದರೆ ಮನೆಯಲ್ಲಿ ನನ್ನ ಮಾತು ನಡೆಯಬೇಕು, ಮದುವೆಯಾದರೆ ಆಯಿಯ ಮಾತು. ಆಕೆ ಹಿಟ್ಟಿನ ಕೈಯಿಂದಲೇ ನನ್ನ ಅಂಗೈಗೆ ಹೊಡೆದು ಒಪ್ಪಿದಳು.

ಮಾಸ್ತರರಿಗೆ ಮಗನೇ ಇರಲಿಲ್ಲ. ಎರಡು ದಿನ ಮೆರೆದೆ. ಆದರೆ ನೂರು ಪುಟ ದಾಟುತ್ತಲೇ ಹುಡುಗಿಯ ಸೋದರಮಾವ ಬಳೆ, ಸೀರೆ ಹಿಡಿದು ಪದೇಪದೇ ಬರತೊಡಗಿದ. ನನಗೆ ಅಂಜಿಕೆ ಶುರುವಾಯಿತು. ಗೆಲ್ಲುತ್ತಿದ್ದ ಆಯಿಯೋ ಹಿಗ್ಗುವುದು ಬಿಟ್ಟು ಮಾತನ್ನೇ ಕಡಿಮೆ ಮಾಡಿದಳು. ಹುಡುಗಿಯ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ ದಿನ ಹಂಚಿನ ಮೇಲೆ ಆಕೆಯ ರೊಟ್ಟಿ ಸೀದುಹೋಯಿತು. ನಾನು ಹುಟ್ಟಿದಾಗಿನಿಂದ ಹಾಗಾದದ್ದು ಕಂಡಿರಲಿಲ್ಲ.

ಕೊನೆಯ ಪುಟದಲ್ಲಿ ಹುಡುಗಿ ಮದುವಣಗಿತ್ತಿಯಾಗಿ ಊರು ಬಿಟ್ಟಳು. ಬರೆದವರಿಗೆ ಮನಸ್ಸಿನಲ್ಲೇ ಬೈದು ಪುಸ್ತಕ ಮುಚ್ಚಿದೆ. ಅದೇ ಹೊತ್ತಿಗೆ ಅಪ್ಪ ಒಳಗೆ ಬಂದು, ಅಫಜಲಪುರದವರಿಗೆ ಏನು ಹೇಳಲಿ ಎಂದು ಆಯಿಯನ್ನು ಕೇಳಿದ.

ಆಯಿ ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ನೋಡಿದಳು. "ಪಂದ್ಯ ನಾ ಗೆದ್ದೀನಿ. ಈಗ ನಂದೇ ಮಾತು ನಡೀಬೇಕು, ಹೌದಿಲ್ಲೋ?"

ತಲೆಯಾಡಿಸದೆ ಗತಿಯಿರಲಿಲ್ಲ.

"ಹಂಗಾರ ಅವರಿಗೆ ಬ್ಯಾಡಂತ ಹೇಳು," ಎಂದಳು ಅಪ್ಪನಿಗೆ. "ಆ ಹುಡುಗಿ ಬಿಟ್ಟ ಓದು ಇಕಿ ಓದ್ಲಿ."

ಆಮೇಲೆ ಡಬ್ಬಿ ತೆಗೆದು ಒಂದು ಚಿಟಿಕೆ ಸಕ್ಕರೆ ನನ್ನ ಬಾಯಿಗೆ ಹಾಕಿದಳು.

"ಅಂಜಬ್ಯಾಡ, ಇದು ಬರೇ ಸಿಹಿ."